ಹಳೆಯ ಕಾರಿನ ರೋಗನಿದಾನ

ಔಷಧಕ್ಕಿಂತ ಮೊದಲು ನಿದಾನವೆಂಬುದು ನಮ್ಮ ವೈದ್ಯಶಾಸ್ತ್ರದ ಮೊದಲನೆಯ ಪಾಠ. ರೋಗವಾವುದೆಂಬುದನ್ನು ಅರಿಯದೆ ಕಷಾಯ ಕುಡಿಸುವವನನ್ನು ಯಾರೂ ವೈದ್ಯನೆಂದು ಗೌರವಿಸರು. ಮಾಧವಕರನೆಂಬ ಪಂಡಿತನು ‘ರೋಗವಿನಿಶ್ಚಯ’ವೆಂಬ ಗ್ರಂಥವನ್ನೇ ಇದಕ್ಕಾಗಿ ರಚಿಸಿದನು, ಲೋಕವು ಅದನ್ನು ‘ಮಾಧವನಿದಾನ’ವೆಂದು ಕರೆಯಿತು. ದೇಹದ ವಿಷಯದಲ್ಲಿ ಇಷ್ಟು ಜಾಗರೂಕರಾದ ನಾವು, ಮನೆಯ ಮುಂದೆ ನಿಂತಿರುವ ಹಳೆಯ ಕಾರಿನ ವಿಷಯಕ್ಕೆ ಬಂದೊಡನೆ ಈ ವಿವೇಕವನ್ನು ಗಾಳಿಗೆ ತೂರಿಬಿಡುತ್ತೇವೆ. ಇಂಜಿನ್ನು ನಡುಗಿತೆಂದರೆ ಕಾರ್ಬ್ಯುರೇಟರನ್ನು ಬದಲಾಯಿಸು, ಗೇರು ಬೀಳಲಿಲ್ಲವೆಂದರೆ ಗೇರುಪೆಟ್ಟಿಗೆಯನ್ನು ಬಿಚ್ಚು ಎಂಬುದೇ ಬಹು ಮಂದಿಯ ಚಿಕಿತ್ಸಾಕ್ರಮವಾಗಿದೆ. ಇದರಿಂದ ಹಣ ಹೋಗುವುದು. ರೋಗ ಮಾತ್ರ ಉಳಿಯುವುದು.

ಹಳೆಯ ಕಾರನ್ನು ಇಟ್ಟುಕೊಂಡಿರುವ ಗೃಹಸ್ಥರು ನಮ್ಮ ನಾಡಿನಲ್ಲಿ ಇಂದಿಗೂ ಕಡಮೆಯಿಲ್ಲ. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800, ಅದಕ್ಕೂ ಹಿರಿಯದಾದ ಅಂಬಾಸಿಡರ್, ಇವೆರಡರ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ಪ್ರೀಮಿಯರ್ ಪದ್ಮಿನಿಯು ಅದಕ್ಕೂ ಮುಂಚೆಯೇ ನಿಂತಿತು. ಆದರೂ ಊರೂರಿನ ಬೀದಿಗಳಲ್ಲಿ ಇವು ಓಡುತ್ತಲೇ ಇವೆ. ಕೆಲವರಿಗೆ ಅದು ತಂದೆ ಕೊಂಡ ವಾಹನವೆಂಬ ಮಮತೆ. ಬಹಳ ಮಂದಿಗೆ ಹೊಸದನ್ನು ಕೊಳ್ಳುವ ಅನುಕೂಲವಿಲ್ಲದೆ ಅದೇ ಆಧಾರ. ವೃದ್ಧರನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ, ಮಳೆಗಾಲದಲ್ಲಿ ಮಕ್ಕಳನ್ನು ಶಾಲೆಗೆ ಬಿಡುವುದಕ್ಕೂ ನೆಚ್ಚಿಕೊಂಡ ಕಾರು ರೈಲುಗೇಟಿನ ಬಳಿಯಲ್ಲಿಯೋ ಏರುದಾರಿಯ ನಡುವೆಯೋ ನಿಂತುಬಿಟ್ಟರೆ ಆಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು. ಆದುದರಿಂದ ಹಳೆಯ ಪೆಟ್ರೋಲ್ ಕಾರಿನ ಎರಡು ಸಾಮಾನ್ಯ ವ್ಯಾಧಿಗಳಾದ ಐಡ್ಲಿಂಗಿನ ನಡುಕ ಮತ್ತು ಗೇರು ಬೀಳದಿರುವಿಕೆ, ಇವುಗಳ ನಿದಾನಕ್ರಮವನ್ನು ವಾಚಕರ ಮುಂದಿಡುವೆನು. ರೆಂಚು ಹಿಡಿಯುವ ಕೆಲಸವನ್ನು ಮೆಕ್ಯಾನಿಕ್ಕನಿಗೇ ಬಿಡಬಹುದು. ಕಾರಣವನ್ನು ಊಹಿಸುವ ಕೆಲಸದಲ್ಲಿ ಗೃಹಸ್ಥನೂ ಪಾಲುಗೊಳ್ಳಬೇಕು.

ಮೊದಲು ಎಚ್ಚರಿಕೆಯ ನಾಲ್ಕು ಮಾತು

ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ನನ್ನು ಚಾಲೂ ಮಾಡಿ ಪರೀಕ್ಷಿಸಲೇ ಕೂಡದು. ಸೈಲೆನ್ಸರಿನಿಂದ ಹೊರಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಮನುಷ್ಯನನ್ನು ನಿದ್ರೆಯಂತಹ ಮಂಪರಿನಲ್ಲಿಯೇ ಕೊಲ್ಲುವುದು. ಕಾರನ್ನು ಬಯಲಿಗೆ ತಂದು, ಹ್ಯಾಂಡ್‌ಬ್ರೇಕು ಎಳೆದು, ಚಕ್ರಕ್ಕೆ ಕಲ್ಲಿಟ್ಟು, ಗೇರನ್ನು ನ್ಯೂಟ್ರಲ್ಲಿಗೆ ತರಬೇಕು. ಅಂಗವಸ್ತ್ರವನ್ನಾಗಲಿ ಸೆರಗನ್ನಾಗಲಿ ಇಳಿಬಿಟ್ಟುಕೊಂಡು ಬಾನೆಟ್ಟಿನೊಳಕ್ಕೆ ಬಗ್ಗಬಾರದು. ವಿದ್ಯುತ್ತಿನಿಂದ ತಿರುಗುವ ಫ್ಯಾನು ಇಂಜಿನ್ನು ಬಿಸಿಯಾದಾಗ ತಾನಾಗಿಯೇ ತಿರುಗತೊಡಗುವುದು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತೆಗೆಯಬಾರದು. ಪ್ಲಗ್ಗಿನ ವಯರಿನಲ್ಲಿ ಸಹಸ್ರಾರು ವೋಲ್ಟಿನ ವಿದ್ಯುತ್ತು ಹರಿಯುವುದರಿಂದ ಅದನ್ನು ಬರಿಗೈಯಿಂದ ಮುಟ್ಟಬಾರದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಂತೂ ದೂರವೇ ನಿಲ್ಲಬೇಕು.

ದರ್ಶನ, ಸ್ಪರ್ಶನ, ಪ್ರಶ್ನ

ನಮ್ಮ ವೈದ್ಯರು ರೋಗಿಯನ್ನು ಮೂರು ಬಗೆಯಿಂದ ಪರೀಕ್ಷಿಸುವರು: ನೋಡುವುದು, ಮುಟ್ಟುವುದು, ಕೇಳುವುದು. ಕಾರಿಗೂ ಈ ಕ್ರಮವೇ ಸಾಕು. ಕಾರು ಮಾತನಾಡದಾದ್ದರಿಂದ ಪ್ರಶ್ನೆಗೆ ಉತ್ತರ ಕೊಡತಕ್ಕವನು ಅದನ್ನು ನಡೆಸುವವನು. ಬೆಳಗ್ಗೆ ತಣ್ಣಗಿರುವಾಗ ನಡುಗುವುದೋ, ಬಿಸಿಯಾದ ಮೇಲೆ ನಡುಗುವುದೋ? ದೀಪ ಹಾಕಿದಾಗ ಹೆಚ್ಚುವುದೋ? ಬ್ರೇಕನ್ನು ತುಳಿದಾಗ ವ್ಯತ್ಯಾಸವಾಗುವುದೋ? ಪೆಟ್ರೋಲು ಹಾಕಿಸಿದ ಮರುದಿನದಿಂದ ಬಂದುದೋ, ತಿಂಗಳುಗಳಿಂದ ಮೆಲ್ಲಮೆಲ್ಲನೆ ಬೆಳೆದುದೋ? ಗೇರು ಎಲ್ಲವೂ ಬಿಗಿಯೋ, ಒಂದೇ ಬಿಗಿಯೋ? ಈ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ದೊರೆತರೆ ಅರ್ಧ ನಿದಾನ ಮುಗಿದಂತೆಯೇ ಸರಿ.

ಇನ್ನು ದರ್ಶನ. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಹಳೆಯ ಉದಾಹರಣೆ. ಕಾರಿನ ವಿಷಯದಲ್ಲಿ ಹೊಗೆಯ ಬಣ್ಣವೇ ಒಂದು ಹೇತು. ಕಪ್ಪು ಹೊಗೆ ಬಂದರೆ ಪೆಟ್ರೋಲು ಅತಿಯಾಗಿದೆ, ಗಾಳಿ ಸಾಲದು. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲು ಸುಡುತ್ತಿದೆ. ಬಿಸಿಯಾದ ಮೇಲೆಯೂ ದಟ್ಟವಾದ ಬಿಳಿಯ ಹೊಗೆ ನಿಲ್ಲದಿದ್ದರೆ ನೀರು ಒಳಕ್ಕೆ ಸೇರುತ್ತಿದೆ. ಹೆಡ್ ಗ್ಯಾಸ್ಕೆಟ್ಟನ್ನು ಶಂಕಿಸಬೇಕು. ಚಳಿಯ ಮುಂಜಾನೆಯಲ್ಲಿ ಒಂದೆರಡು ನಿಮಿಷ ಕಾಣುವ ತೆಳುವಾದ ಹಬೆಗೆ ಮಾತ್ರ ಹೆದರಬೇಕಾದುದಿಲ್ಲ.

ಐಡ್ಲಿಂಗಿನ ನಡುಕ

ಕಾರು ನಿಂತಿದ್ದು, ಆಕ್ಸಿಲರೇಟರನ್ನು ತುಳಿಯದೆಯೇ ಇಂಜಿನ್ನು ಮೆಲ್ಲನೆ ತಿರುಗುತ್ತಿರುವ ಸ್ಥಿತಿಗೆ ಐಡ್ಲಿಂಗ್ ಎಂದು ಹೆಸರು. ಆಗ ಇಂಜಿನ್ನಿಗೆ ದೊರೆಯುವ ಗಾಳಿಯೂ ಪೆಟ್ರೋಲೂ ಅತ್ಯಲ್ಪ. ಉಪವಾಸದಲ್ಲಿರುವವನಿಗೆ ಒಂದು ತುತ್ತಿನ ಹೆಚ್ಚುಕಡಮೆಯೂ ಹೇಗೆ ತಿಳಿಯುವುದೋ, ಹಾಗೆ ಈ ಸ್ಥಿತಿಯಲ್ಲಿ ಸಣ್ಣ ದೋಷವೂ ದೊಡ್ಡದಾಗಿ ಕಾಣುವುದು. ವೇಗವಾಗಿ ಓಡುವಾಗ ಮರೆಯಾಗುವ ರೋಗವು ನಿಂತಾಗ ಪ್ರಕಟವಾಗುವುದಕ್ಕೆ ಇದೇ ಕಾರಣ.

ನಡುಕಕ್ಕೆ ಮೂಲಗಳು ನಾಲ್ಕು: ಗಾಳಿ, ಪೆಟ್ರೋಲು, ಕಿಡಿ, ಒತ್ತಡ. ಈ ನಾಲ್ಕರಲ್ಲಿ ಯಾವುದು ಕೆಟ್ಟಿದೆ ಎಂಬುದನ್ನು ಪ್ರತ್ಯೇಕಿಸುವುದೇ ನಿದಾನ.

ಆಯುರ್ವೇದದಲ್ಲಿ ‘ಉಪಶಯ’ವೆಂಬುದೊಂದುಂಟು. ರೋಗವು ಗೂಢವಾಗಿದ್ದಾಗ ಒಂದು ಪಥ್ಯವನ್ನೋ ಔಷಧವನ್ನೋ ಕೊಟ್ಟು, ಅದರಿಂದ ಹಿತವಾಯಿತೇ ಅಹಿತವಾಯಿತೇ ಎಂಬುದರಿಂದ ರೋಗವನ್ನು ಗುರುತಿಸುವುದು. ಕಾರ್ಬ್ಯುರೇಟರುಳ್ಳ ಕಾರಿನಲ್ಲಿ ಈ ಪರೀಕ್ಷೆಗೆ ಸಾಧನ ಚೋಕ್. ಇಂಜಿನ್ನು ಚೆನ್ನಾಗಿ ಬಿಸಿಯಾಗಿ ನಡುಗುತ್ತಿರುವಾಗ ಚೋಕನ್ನು ಸ್ವಲ್ಪವೇ ಸ್ವಲ್ಪ ಎಳೆಯಿರಿ. ನಡುಕ ಕಡಮೆಯಾಯಿತೆಂದರೆ ಮಿಶ್ರಣದಲ್ಲಿ ಪೆಟ್ರೋಲು ಸಾಲದು, ಗಾಳಿ ಹೆಚ್ಚು ಎಂದು ತಿಳಿಯಬೇಕು. ಇಂಜಿನ್ನು ಇನ್ನೂ ಕೆಟ್ಟು, ಕಪ್ಪು ಹೊಗೆ ಕಾರಿ ನಿಲ್ಲುವಂತಾದರೆ ಪೆಟ್ರೋಲು ಮೊದಲೇ ಹೆಚ್ಚಾಗಿದೆ. ಎರಡೂ ಆಗದೆ ಒಂದೇ ತಾಳದಲ್ಲಿ ತಪ್ಪುತ್ತಿದ್ದರೆ ದೋಷವು ಕಿಡಿಯಲ್ಲಿಯೋ ಒತ್ತಡದಲ್ಲಿಯೋ ಇರುವ ಸಂಭವವೇ ಹೆಚ್ಚು.

ಗಾಳಿ ಹೆಚ್ಚಾಗಿದೆಯೆಂದು ತೋರಿದರೆ ಕಳ್ಳದಾರಿಯನ್ನು ಹುಡುಕಬೇಕು. ಕಾರ್ಬ್ಯುರೇಟರಿನ ಅಡಿಯ ಗ್ಯಾಸ್ಕೆಟ್ಟು, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟು, ಬ್ರೇಕ್ ಬೂಸ್ಟರಿಗೆ ಹೋಗುವ ರಬ್ಬರ್ ಕೊಳವೆ, ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ಕೊಳವೆ, ಇವು ಹಳೆಯದಾದಂತೆ ಬಿರಿಯುವುವು. ಬೂಸ್ಟರಿನ ಕೊಳವೆಯು ಬಿರಿದಿದ್ದರೆ ಐಡ್ಲಿಂಗ್ ಕೆಡುವುದಲ್ಲದೆ ಬ್ರೇಕೂ ಗಟ್ಟಿಯಾಗುವುದು. ಇದನ್ನು ಒಂದು ದಿನವೂ ಉಪೇಕ್ಷಿಸತಕ್ಕದ್ದಲ್ಲ. ಪೆಟ್ರೋಲನ್ನೋ ಸೀಮೆಎಣ್ಣೆಯನ್ನೋ ಚಿಮುಕಿಸಿ ಸೋರಿಕೆಯನ್ನು ಕಂಡುಹಿಡಿಯುವ ಕೆಲವರ ಪದ್ಧತಿ ಬೆಂಕಿಗೆ ಆಹ್ವಾನ. ಸೀಸೆಯಿಂದ ಸ್ವಲ್ಪ ನೀರನ್ನು ಮೆಲ್ಲನೆ ಸಂದುಗಳ ಮೇಲೆ ತುಂತುರಿಸಿದರೆ ಸಾಕು. ವಿದ್ಯುತ್ತಿನ ಭಾಗಗಳಿಗೆ ಸಿಡಿಸಬಾರದು. ಯಾವ ಸಂದಿನಲ್ಲಿ ನೀರು ಬಿದ್ದೊಡನೆ ಇಂಜಿನ್ನಿನ ಧ್ವನಿ ಬದಲಾಗುವುದೋ ಅಲ್ಲಿಯೇ ಸೋರಿಕೆಯುಂಟು.

ಗಾಳಿಯ ದಾರಿ ಸರಿಯಾಗಿದ್ದೂ ಪೆಟ್ರೋಲು ಸಾಲದಿದ್ದರೆ ಐಡ್ಲಿಂಗಿನ ಜೆಟ್ಟು ಕಟ್ಟಿಕೊಂಡಿರಬಹುದು. ಆ ರಂಧ್ರವು ಸೂಜಿಯ ಮೊನೆಗಿಂತ ದೊಡ್ಡದಲ್ಲ. ಒಂದು ಕಣ ಕಸವೇ ಅದಕ್ಕೆ ಸಾಕು. ಅದನ್ನು ಗಾಳಿಯಿಂದ ಊದಿ ಶುದ್ಧಮಾಡಬೇಕಲ್ಲದೆ ತಂತಿಯಿಂದ ತಿವಿದು ಅಗಲಮಾಡಬಾರದು. ಅಂಬಾಸಿಡರಿನ ಎಸ್.ಯು. ಕಾರ್ಬ್ಯುರೇಟರಿನಲ್ಲಿ ಮಾತ್ರ ಪ್ರತ್ಯೇಕವಾದ ಐಡ್ಲಿಂಗ್ ಜೆಟ್ಟಿಲ್ಲ; ಒಂದೇ ಜೆಟ್ಟಿನೊಳಗೆ ಒಂದು ಸೂಜಿಯು ಏರಿಳಿಯುತ್ತ ಎಲ್ಲ ವೇಗಗಳಿಗೂ ಪೆಟ್ರೋಲನ್ನು ಅಳೆದುಕೊಡುವುದು.

ಕಿಡಿಯ ಪರೀಕ್ಷೆಗೆ ಪ್ಲಗ್ಗುಗಳೇ ಸಾಕ್ಷಿ. ಅವನ್ನು ಕಳಚಿ ಕ್ರಮವಾಗಿ ಸಾಲಿಟ್ಟು ನೋಡಬೇಕು. ತಿಳಿಯಾದ ಕಂದುಬಣ್ಣವು ಆರೋಗ್ಯದ ಗುರುತು. ಒಣಗಿದ ಕಪ್ಪು ಮಸಿಯಾದರೆ ಪೆಟ್ರೋಲು ಅಧಿಕ. ಸುಣ್ಣದಂತೆ ಬಿಳುಪಾದರೆ ಗಾಳಿ ಅಧಿಕ. ಎಣ್ಣೆಯ ಜಿಡ್ಡಾದರೆ ರಿಂಗೋ ವಾಲ್ವಿನ ಸೀಲೋ ಸವೆದಿದೆ. ಎಲ್ಲ ಪ್ಲಗ್ಗುಗಳೂ ಒಂದೇ ಬಣ್ಣವಾಗಿದ್ದರೆ ದೋಷವು ಎಲ್ಲಕ್ಕೂ ಸಾಮಾನ್ಯವಾದ ಕಾರ್ಬ್ಯುರೇಟರಿನಲ್ಲಿದೆ. ಒಂದು ಮಾತ್ರ ಬೇರೆಯಾಗಿದ್ದರೆ ಆ ಸಿಲಿಂಡರಿನಲ್ಲಿಯೇ ಇದೆ. ಸಾಮಾನ್ಯ, ವಿಶೇಷ ಎಂಬ ಈ ವಿವೇಚನೆಯೊಂದನ್ನೇ ನೆನಪಿಟ್ಟುಕೊಂಡರೆ ಎಷ್ಟೋ ಅನಾವಶ್ಯಕವಾದ ಖರ್ಚು ತಪ್ಪುವುದು.

ನಮ್ಮವರು ‘ಮಿಸ್ಸಿಂಗ್’ ಎನ್ನುವ ತಾಳತಪ್ಪುವಿಕೆಗೆ ಅನ್ವಯ-ವ್ಯತಿರೇಕದ ಪರೀಕ್ಷೆಯುಂಟು. ಅನುಭವಿಯಾದ ಮೆಕ್ಯಾನಿಕ್ಕನು ಒಂದೊಂದು ಸಿಲಿಂಡರಿನ ಕಿಡಿಯನ್ನು ಕ್ಷಣಕಾಲ ತಪ್ಪಿಸಿ ನೋಡುವನು. ಕೆಲಸಮಾಡುತ್ತಿರುವ ಸಿಲಿಂಡರಿನ ಕಿಡಿ ತಪ್ಪಿದರೆ ಇಂಜಿನ್ನು ಇನ್ನಷ್ಟು ಕುಂಟುವುದು. ಕಿಡಿಯನ್ನು ತಪ್ಪಿಸಿದರೂ ವ್ಯತ್ಯಾಸವೇ ಕಾಣದ ಸಿಲಿಂಡರು ಯಾವುದೋ ಅದೇ ಸೋಮಾರಿ. ಮೂರೇ ಸಿಲಿಂಡರುಗಳುಳ್ಳ ಮಾರುತಿ 800ರಲ್ಲಿ ಒಂದು ಸೋಮಾರಿಯಾದರೂ ಮೂರನೆಯ ಒಂದು ಪಾಲು ಶಕ್ತಿಯೇ ನಷ್ಟವಾಗುವುದರಿಂದ ನಡುಕ ಬಹಳ ಎದ್ದು ಕಾಣುವುದು. ಸೋಮಾರಿಯನ್ನು ಗುರುತಿಸಿದ ಮೇಲೆ ಅದರ ಪ್ಲಗ್ಗನ್ನು ನೆರೆಯ ಸಿಲಿಂಡರಿಗೆ ಹಾಕಿ ನೋಡಬೇಕು. ರೋಗವೂ ಜೊತೆಯಲ್ಲಿ ಹೋಯಿತೆಂದರೆ ಪ್ಲಗ್ಗೇ ದೋಷಿ. ಹೋಗದಿದ್ದರೆ ವಯರು, ಡಿಸ್ಟ್ರಿಬ್ಯೂಟರಿನ ಮುಚ್ಚಳ, ಪಾಯಿಂಟು, ಕಂಡೆನ್ಸರುಗಳನ್ನು ನೋಡಬೇಕು. ಹಳೆಯ ಅಂಬಾಸಿಡರಿನ ಪಾಯಿಂಟಿನ ಬಿಡುವು ಒಂದು ಮಿಲಿಮೀಟರಿನ ನೂರರಲ್ಲಿ 35ರಿಂದ 40 ಭಾಗ ಮಾತ್ರ. ಅದನ್ನು ಕಣ್ಣಂದಾಜಿನಿಂದ ಇಡುವುದು ಅಕ್ಷಮ್ಯ.

ಕೊನೆಯದು ಒತ್ತಡ. ಟ್ಯಾಪೆಟ್ಟಿನ ಬಿಡುವು ಸರಿಯಾಗಿದ್ದೂ ಕಂಪ್ರೆಶನ್ ಮಾಪಕದಲ್ಲಿ ಒಂದು ಸಿಲಿಂಡರು ಉಳಿದವುಗಳಿಗಿಂತ ಬಹಳ ಕೆಳಗಿದ್ದರೆ ಅದರೊಳಕ್ಕೆ ಒಂದು ಚಮಚ ಎಣ್ಣೆಯನ್ನು ಹಾಕಿ ಮತ್ತೆ ಅಳೆಯುವರು. ಒತ್ತಡ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವು ಸೋರುತ್ತಿದೆ. ಪಕ್ಕಪಕ್ಕದ ಎರಡೂ ಕೆಳಗಿದ್ದರೆ ನಡುವಿನ ಗ್ಯಾಸ್ಕೆಟ್ಟು ಹೋಗಿದೆ.

ಊರಿನ ಎತ್ತರವನ್ನೂ ಇಲ್ಲಿ ಗಣಿಸಬೇಕು. ನಿರ್ವಾತ ಮಾಪಕದಲ್ಲಿ 17ರಿಂದ 21 ಅಂಗುಲ ಪಾದರಸ ತೋರಬೇಕೆಂದು ಪುಸ್ತಕಗಳು ಹೇಳುವುದು ಸಮುದ್ರಮಟ್ಟದ ಮಾತು. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಅಂಗುಲ ಇಳಿಯುವುದರಿಂದ, ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ 14ರಿಂದ 18 ತೋರಿದರೂ ಆರೋಗ್ಯವೇ. ಹಾಗೆಯೇ ಮಂಗಳೂರಿನಲ್ಲಿ ಹದಮಾಡಿದ ಕಾರ್ಬ್ಯುರೇಟರು ಮಡಿಕೇರಿಯ ತೆಳುಗಾಳಿಯಲ್ಲಿ ಪೆಟ್ರೋಲನ್ನು ಹೆಚ್ಚಾಗಿ ಕೊಟ್ಟಂತಾಗುವುದು. ಘಟ್ಟವನ್ನು ಹತ್ತಿದ ಮೇಲೆ ಕಾರು ಮಂಕಾದರೆ ಒಡನೆಯೇ ಮೆಕ್ಯಾನಿಕ್ಕನ ಬಳಿಗೆ ಓಡಬೇಕಾಗಿಲ್ಲ.

ಹೊಸ ಪೆಟ್ರೋಲಿನ ಪ್ರಶ್ನೆ

ಈಚೆಗೆ ಹಳೆಯ ಕಾರಿನವರೆಲ್ಲರೂ ಕೇಳುವ ಪ್ರಶ್ನೆಯೊಂದುಂಟು. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟವನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಉದ್ಘಾಟಿಸಲಾಯಿತು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪ್ರಮಾಣ 20ನ್ನು ಮುಟ್ಟಿತೆಂದು ಸರಕಾರವು ಸಾರಿತು. ಇದರಿಂದ ಹಳೆಯ ಕಾರು ಕೆಡುವುದೇ?

ಉತ್ತರವನ್ನು ಲೆಕ್ಕದಿಂದಲೇ ತಿಳಿಯಬಹುದು. ಒಂದು ಕಿಲೋ ಶುದ್ಧ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ ಸುಮಾರು 9 ಕಿಲೋ ಸಾಕು. ಮೇಲಿನ ಮಿಶ್ರಣಕ್ಕೆ ಸುಮಾರು ಹದಿಮೂರೂವರೆ. ಹೊಸ ಕಾರುಗಳಲ್ಲಿ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಇದ್ದು, ಪೆಟ್ರೋಲನ್ನು ತಾನಾಗಿಯೇ ಸರಿಪಡಿಸುವುದು. ಕಾರ್ಬ್ಯುರೇಟರಿಗೆ ಈ ಜ್ಞಾನವಿಲ್ಲ. ಅದು ಹಿಂದಿನ ಅಳತೆಯಲ್ಲಿಯೇ ಬಡಿಸುವುದು. ಆದುದರಿಂದ ಮಿಶ್ರಣದಲ್ಲಿ ಗಾಳಿ ಹೆಚ್ಚಾದಂತಾಗಿ, ಮೊದಲೇ ಅಂಚಿನಲ್ಲಿದ್ದ ಐಡ್ಲಿಂಗ್ ನಡುಗತೊಡಗಬಹುದು. ಮಿಕ್ಸ್‌ಚರ್ ಸ್ಕ್ರೂವನ್ನು ಹೊಸದಾಗಿ ಹದಮಾಡಿಸಿದರೆ ಈ ನಡುಕವು ಬಹುಮಟ್ಟಿಗೆ ಶಾಂತವಾಗುವುದು. ಇದಲ್ಲದೆ ಎಥನಾಲು ಹಳೆಯ ರಬ್ಬರನ್ನು ಉಬ್ಬಿಸಿ ಬಿರಿಯಿಸಬಲ್ಲದು. ಟ್ಯಾಂಕಿನ ಹಳೆಯ ಅಂಟನ್ನು ಕರಗಿಸಿ ಫಿಲ್ಟರಿಗೂ ಜೆಟ್ಟಿಗೂ ತಳ್ಳಬಲ್ಲದು. ಗಾಳಿಯ ತೇವವನ್ನು ಹೀರಬಲ್ಲದು. ಪೆಟ್ರೋಲಿನ ರಬ್ಬರ್ ಕೊಳವೆಗಳನ್ನು ಎಥನಾಲಿಗೆ ತಾಳುವಂತಹವಕ್ಕೆ ಬದಲಾಯಿಸುವುದು, ಫಿಲ್ಟರನ್ನು ಹೊಸದಾಗಿಸುವುದು, ತಿಂಗಳುಗಟ್ಟಲೆ ಕಾರನ್ನು ನಿಲ್ಲಿಸದೆ ಆಗಾಗ ಓಡಿಸುವುದು, ಇವು ಮೂರೂ ಪಥ್ಯಗಳು. ಕೊಳವೆಯ ಖರ್ಚು ಅಲ್ಪ. ಬಿರಿದ ಕೊಳವೆಯಿಂದ ಬಿಸಿಯ ಇಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಆಗುವ ಅನರ್ಥ ಅಲ್ಪವಲ್ಲ.

ಗೇರಿನ ತೊಂದರೆ

ಗೇರು ಬೀಳದಿದ್ದರೆ ಗೇರುಪೆಟ್ಟಿಗೆಯೇ ಕೆಟ್ಟಿದೆಯೆಂದು ಭಾವಿಸುವುದು ಸಾಮಾನ್ಯ ಭ್ರಾಂತಿ. ಇಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಕ್ಲಚ್ಚೆಂಬ ದ್ವಾರಪಾಲಕನಿರುವನು. ಅವನು ಪೂರ್ತಿ ಬಿಡದಿದ್ದರೆ ಒಳಗಿನ ಹಲ್ಲುಚಕ್ರಗಳು ತಿರುಗುತ್ತಲೇ ಇದ್ದು ಗೇರು ಕರಕರನೆಂದು ಅರಚುವುದು.

ಈ ವಿವೇಚನೆಗೆ ಕಾಸಿನ ಖರ್ಚಿಲ್ಲದ ಪರೀಕ್ಷೆಯುಂಟು. ಇಂಜಿನ್ನನ್ನು ನಿಲ್ಲಿಸಿ, ಕ್ಲಚ್ಚನ್ನು ತುಳಿದು, ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಿರಿ. ಇಂಜಿನ್ನು ನಿಂತಾಗ ಸಲೀಸಾಗಿ ಬೀಳುವ ಗೇರು ಇಂಜಿನ್ನು ಓಡುವಾಗ ಮಾತ್ರ ಬಿಗಿಯಾದರೆ, ಕ್ಲಚ್ಚು ಬಿಡುತ್ತಿಲ್ಲ. ನಿಂತಾಗಲೂ ಬಿಗಿಯಾದರೆ ದೋಷವು ಲಿಂಕಿನಲ್ಲಿಯೋ ಪೆಟ್ಟಿಗೆಯೊಳಗೋ ಇದೆ. ಎರಡನೆಯ ಪರೀಕ್ಷೆ: ಇಂಜಿನ್ನು ಓಡುತ್ತಿರುವಾಗ ಕ್ಲಚ್ಚನ್ನು ಪೂರ್ತಿ ತುಳಿದು, ಹತ್ತು ಎಣಿಸುವವರೆಗೆ ತಾಳಿ, ಅನಂತರ ರಿವರ್ಸ್ ಹಾಕಿರಿ. ಅಷ್ಟು ಹೊತ್ತಿಗೆ ಚಕ್ರಗಳು ನಿಂತಿರಬೇಕು. ಆಗಲೂ ಅರಚಿದರೆ ಕ್ಲಚ್ಚು ಎಳೆಯುತ್ತಿರುವುದು ನಿಶ್ಚಯ. ಕೇಬಲ್ಲಿನಿಂದ ನಡೆಯುವ ಕ್ಲಚ್ಚಾದರೆ ಪೆಡಲಿನ ಬಿಡುವು ಹೆಚ್ಚಾಗಿರಬಹುದು, ಕೇಬಲ್ಲು ಸಿಕ್ಕಿಕೊಂಡಿರಬಹುದು. ದ್ರವದಿಂದ ನಡೆಯುವುದಾದರೆ ಸೋರಿಕೆಯನ್ನು ನೋಡಬೇಕು. ಇದಕ್ಕೆ ವಿರುದ್ಧವಾಗಿ ಬಿಡುವೇ ಇಲ್ಲದಿದ್ದರೆ ಕ್ಲಚ್ಚು ಜಾರುವುದು: ಏರಿನಲ್ಲಿ ಇಂಜಿನ್ನು ಅಬ್ಬರಿಸುವುದು, ಕಾರು ಮುಂದೆ ಹೋಗದು, ಸುಟ್ಟ ವಾಸನೆ ಬರುವುದು.

ಒಂದೇ ಒಂದು ಗೇರು, ಪ್ರಾಯಶಃ ಎರಡನೆಯದು, ಮೇಲಿನಿಂದ ಇಳಿಸುವಾಗ ಅರಚಿದರೆ ಆ ಗೇರಿನ ಸಿಂಕ್ರೊಮೆಶ್ ಸವೆದಿದೆ. ಬಿದ್ದ ಗೇರು ತಾನಾಗಿ ಹೊರಕ್ಕೆ ಹಾರಿದರೆ ಮೌಂಟಿಂಗಿನ ರಬ್ಬರನ್ನೂ ಅನಂತರ ಒಳಗಿನ ಸ್ಪ್ರಿಂಗು ಹಲ್ಲುಗಳನ್ನೂ ನೋಡಬೇಕು. ಸ್ಟಿಯರಿಂಗಿನ ಪಕ್ಕದಲ್ಲಿ ಗೇರುಕಡ್ಡಿಯಿರುವ ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ಕಡ್ಡಿಯಿಂದ ಪೆಟ್ಟಿಗೆಯವರೆಗೆ ಸರಳುಗಳ ಸರಣಿಯೇ ಇರುವುದು. ಅವುಗಳ ಬುಷ್ಷುಗಳು ಸವೆದರೆ ಮೊದಲನೆಯದಕ್ಕೆ ಹಾಕಿದುದು ಮತ್ತಾವುದಕ್ಕೋ ಬೀಳುವುದು, ಇಲ್ಲವೆ ನಡುವೆ ಸಿಕ್ಕಿಕೊಳ್ಳುವುದು. ಸಣ್ಣ ಬುಷ್ಷಿನ ದೋಷಕ್ಕೆ ದೊಡ್ಡ ಪೆಟ್ಟಿಗೆಯನ್ನು ಬಿಚ್ಚುವುದು ಹಲ್ಲುನೋವಿಗೆ ತಲೆಯನ್ನು ಕೊಯ್ದಂತೆ. ಗೇರು ಆಯಿಲಿನ ಮಟ್ಟವನ್ನು ನೋಡುವುದನ್ನೂ ಮರೆಯಬಾರದು. ಇಂಜಿನ್ ಆಯಿಲನ್ನು ನೆನೆಯುವವರು ಗೇರು ಆಯಿಲನ್ನು ವರ್ಷಗಟ್ಟಲೆ ನೆನೆಯರು.

ಎರಡು ರೋಗ, ಒಂದೇ ಮೂಲ

ಎರಡು ಲಕ್ಷಣಗಳು ಒಟ್ಟಿಗೆ ಕಾಣಿಸಿದರೆ, ಎರಡಕ್ಕೂ ಮೂಲವೊಂದೇ ಇರಬಹುದೇ ಎಂದು ಮೊದಲು ವಿಚಾರಿಸಬೇಕು. ಒಂದರಿಂದ ಸಿದ್ಧವಾಗುವುದಕ್ಕೆ ಎರಡನ್ನು ಕಲ್ಪಿಸುವುದನ್ನು ನಮ್ಮ ತಾರ್ಕಿಕರು ಗೌರವದೋಷವೆನ್ನುವರು.

ಅತ್ಯಂತ ಸಾಮಾನ್ಯವಾದ ಉದಾಹರಣೆ ಇದು. ಇಂಜಿನ್ನು ನಡುಗಿ ನಿಂತುಹೋಗುತ್ತದೆಂದು ಯಾರೋ ಐಡ್ಲಿಂಗ್ ಸ್ಕ್ರೂವನ್ನು ತಿರುಗಿಸಿ ವೇಗವನ್ನು ಏರಿಸಿಬಿಡುವರು. ನಡುಕ ಮರೆಯಾಗುವುದು. ಆದರೆ ಇಂಜಿನ್ನು ಈಗ ಅತಿವೇಗವಾಗಿ ತಿರುಗುತ್ತಿರುವುದರಿಂದ ಕ್ಲಚ್ಚನ್ನು ತುಳಿದ ಮೇಲೆ ಚಕ್ರಗಳು ನಿಲ್ಲಲು ಹೆಚ್ಚು ಹೊತ್ತು ಬೇಕಾಗಿ, ಮೊದಲನೆಯ ಗೇರೂ ರಿವರ್ಸೂ ಅರಚತೊಡಗುವುವು. ಗೃಹಸ್ಥನು ಗೇರು ಕೆಟ್ಟಿತೆನ್ನುವನು, ಕೆಟ್ಟುದು ಚಿಕಿತ್ಸೆ. ಎರಡನೆಯದು ಮೌಂಟಿಂಗು. ಇಂಜಿನ್ನನ್ನು ಹೊತ್ತ ರಬ್ಬರು ಹರಿದರೆ ನಡುಕವೆಲ್ಲ ಕಾರಿನ ಮೈಗೆ ಹರಿಯುವುದು. ಇಂಜಿನ್ನೂ ಗೇರುಪೆಟ್ಟಿಗೆಯೂ ಒಂದಾಗಿ ಅಡ್ಡಕ್ಕೆ ಕುಳಿತಿರುವ ಮಾರುತಿ 800ರಂತಹ ಕಾರಿನಲ್ಲಿ ಗೇರಿನ ಸರಳೂ ಸ್ಥಾನತಪ್ಪುವುದು.

ಮೂರನೆಯದು ಎಲ್ಲಕ್ಕಿಂತ ಗೂಢವಾದುದು. ನಮ್ಮ ಬೀದಿಯ ನಿವೃತ್ತ ಗುಮಾಸ್ತರೊಬ್ಬರಲ್ಲಿ 1996ರ ಮಾರುತಿ 800 ಇದೆ. ಅವರ ಪತ್ನಿಗೆ ವಾರಕ್ಕೆರಡು ಸಾರಿ ಆಸ್ಪತ್ರೆಗೆ ಹೋಗಲೇಬೇಕು; ಆ ಕಾರೇ ಗತಿ. ಅದು ನಿಂತಲ್ಲಿ ನಡುಗುತ್ತಿತ್ತು, ಗೇರೂ ಬೀಳುತ್ತಿರಲಿಲ್ಲ. ಒಂದು ಗ್ಯಾರೇಜಿನವರು ಗೇರುಪೆಟ್ಟಿಗೆಯನ್ನು ಬಿಚ್ಚಬೇಕೆಂದೂ ಕಾರ್ಬ್ಯುರೇಟರನ್ನು ಬದಲಾಯಿಸಬೇಕೆಂದೂ ಹೇಳಿ, ಅವರ ಎರಡು ತಿಂಗಳ ಪಿಂಚಣಿಗೆ ಮೀರಿದ ಲೆಕ್ಕ ಕೊಟ್ಟಿದ್ದರು.

“ಮೇಷ್ಟ್ರೇ, ಇದನ್ನು ತೂಕಕ್ಕೆ ಹಾಕಿಬಿಡಲೇ?” ಎಂದು ಅವರು ಕೇಳಿದರು.

“ರಾಯರೇ, ಮೊದಲು ಇಂಜಿನ್ನು ನಿಲ್ಲಿಸಿ ಗೇರು ಹಾಕಿ ನೋಡಿ” ಎಂದೆ.

ಎಲ್ಲವೂ ಬೆಣ್ಣೆಯಲ್ಲಿ ಕೂದಲೆಳೆದಂತೆ ಬಿದ್ದುವು. ಅಲ್ಲಿಗೆ ಪೆಟ್ಟಿಗೆ ನಿರ್ದೋಷಿಯಾಯಿತು. ಪ್ರಶ್ನೆ ಮಾಡಿದಾಗ ಮತ್ತೆರಡು ಸಂಗತಿಗಳು ಹೊರಬಿದ್ದುವು: ದೀಪ ಹಾಕಿದರೆ ನಡುಕ ಹೆಚ್ಚುತ್ತಿತ್ತು, ಸೆಲ್ಫ್ ಹೊಡೆದಾಗ ಇಂಜಿನ್ನು ಬಹಳ ನಿಧಾನವಾಗಿ ತಿರುಗುತ್ತಿತ್ತು. ನೆರೆಬೀದಿಯ ಯುವಕ ಮೆಕ್ಯಾನಿಕ್ಕನನ್ನು ಕರೆಸಿದೆವು. ಅವನು ಕ್ಲಚ್ ಕೇಬಲ್ಲನ್ನು ಮುಟ್ಟಿನೋಡಿ, “ಸಾರ್, ಇದು ಬಿಸಿ ಇದೆ. ಮೇಲಿನ ಪ್ಲಾಸ್ಟಿಕ್ಕು ಕರಗಿದೆ” ಎಂದನು.

ಇಂಜಿನ್ನು ರಬ್ಬರಿನ ಮೇಲೆ ಕುಳಿತಿರುವುದರಿಂದ ವಿದ್ಯುತ್ತು ಬ್ಯಾಟರಿಗೆ ಹಿಂದಿರುಗಲು ಇಂಜಿನ್ನಿನಿಂದ ಅರ್ತಿಂಗಿನ ಪಟ್ಟಿಯೊಂದು ಇರುವುದು. ಅದು ತುಕ್ಕು ಹಿಡಿದು ಕಡಿದುಹೋಗಿತ್ತು. ದಾರಿ ತಪ್ಪಿದ ವಿದ್ಯುತ್ತು ಕ್ಲಚ್ ಕೇಬಲ್ಲಿನ ಮೂಲಕ ಹರಿದು ಅದನ್ನು ಸುಟ್ಟು ಬಿಗಿಮಾಡಿತ್ತು. ಅದೇ ಕೊರತೆಯಿಂದ ಐಡ್ಲಿಂಗಿನಲ್ಲಿ ಕಿಡಿಯೂ ಕುಂದಿತ್ತು. ಮೆಕ್ಯಾನಿಕ್ಕನು ಜಂಪರ್ ವಯರಿನಿಂದ ಇಂಜಿನ್ನನ್ನು ಬ್ಯಾಟರಿಯ ಋಣಧ್ರುವಕ್ಕೆ ಸೇರಿಸಿದೊಡನೆ ಸೆಲ್ಫ್ ಚುರುಕಾಯಿತು, ನಡುಕ ಇಳಿಯಿತು; ತೆಗೆದೊಡನೆ ಮತ್ತೆ ಬಂದಿತು. ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇಕೇ? ಹೊಸ ಪಟ್ಟಿ, ಹೊಸ ಕೇಬಲ್ಲು, ಅರ್ಧ ದಿನದ ಕೂಲಿ, ಇಷ್ಟರಲ್ಲಿ ಕೆಲಸ ಮುಗಿಯಿತು. ಪಟ್ಟಿಯನ್ನು ನೋಡದೆ ಕೇಬಲ್ಲನ್ನು ಮಾತ್ರ ಬದಲಾಯಿಸಿದ್ದರೆ ಹೊಸದೂ ಕೆಲವು ವಾರಗಳಲ್ಲಿ ಸುಟ್ಟುಹೋಗುತ್ತಿತ್ತು.

ಸಾಧ್ಯಾಸಾಧ್ಯ ವಿಚಾರ

ನಿದಾನವಾದ ಮೇಲೆ ವೈದ್ಯನು ರೋಗವು ಸುಖಸಾಧ್ಯವೋ, ಕೃಚ್ಛ್ರಸಾಧ್ಯವೋ, ಯಾಪ್ಯವೋ, ಅಸಾಧ್ಯವೋ ಎಂದು ವಿಭಾಗಿಸುವನು. ಪ್ಲಗ್ಗು, ಪಾಯಿಂಟು, ಕೊಳವೆ, ಕೇಬಲ್ಲು, ಬುಷ್ಷು, ಮೌಂಟಿಂಗುಗಳ ದೋಷಗಳು ಸುಖಸಾಧ್ಯ. ವಾಲ್ವು, ಹೆಡ್ ಗ್ಯಾಸ್ಕೆಟ್ಟು, ಕ್ಲಚ್ ಪ್ಲೇಟುಗಳವು ಕೃಚ್ಛ್ರಸಾಧ್ಯ. ಖರ್ಚುಂಟು, ಫಲವೂ ಉಂಟು. ಎರಡನೆಯ ಗೇರಿನ ಸವೆದ ಸಿಂಕ್ರೊಮೆಶ್ ಯಾಪ್ಯ. ಪಥ್ಯದಿಂದ ಕಾಲ ನೂಕಬಹುದು. ಕ್ಲಚ್ಚು ತುಳಿದು ನ್ಯೂಟ್ರಲ್ಲಿಗೆ ತಂದು, ಕ್ಲಚ್ಚು ಬಿಟ್ಟು ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ, ಮತ್ತೆ ಕ್ಲಚ್ಚು ತುಳಿದು ಗೇರು ಇಳಿಸಿದರೆ ಅದು ಅರಚದು. ಹಿಂದಿನ ಲಾರಿ ಚಾಲಕರೆಲ್ಲರೂ ಬಲ್ಲ ಉಪಾಯವಿದು. ಅಡಿಯ ಚಾಸಿಸ್ಸೇ ತುಕ್ಕು ಹಿಡಿದು ಪುಡಿಯಾಗುತ್ತಿದ್ದರೆ ಅದು ಅಸಾಧ್ಯ. ಇಂಜಿನ್ನು ಎಷ್ಟು ಇಂಪಾಗಿದ್ದರೂ ಅಂತಹ ಕಾರಿನಲ್ಲಿ ಮಕ್ಕಳನ್ನು ಕೂರಿಸಬಾರದು.

ಖರ್ಚಿನ ವಿಚಾರದಲ್ಲಿ ಕಾನೂನನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸ್ವಂತ ಕಾರಿನ ಮೊದಲ ನೋಂದಣಿ 15 ವರ್ಷಗಳಿಗೆ. ಅನಂತರ ಯೋಗ್ಯತಾ ಪರೀಕ್ಷೆಯೊಡನೆ ಐದೈದು ವರ್ಷಕ್ಕೆ ನವೀಕರಿಸಬೇಕು. ಆ ನವೀಕರಣದ ಶುಲ್ಕವು 2022ರ ಏಪ್ರಿಲಿನಲ್ಲಿ 600 ರೂಪಾಯಿಗಳಿಂದ 5,000ಕ್ಕೂ, 20 ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ 10,000ಕ್ಕೂ ಏರಿತು. ಹೊಗೆಯ ಪರೀಕ್ಷೆ ನಡೆಯುವುದೂ ಐಡ್ಲಿಂಗಿನಲ್ಲಿಯೇ. ಭಾರತ್ ಸ್ಟೇಜ್ 2ಕ್ಕೆ ಹಿಂದಿನ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿಯನ್ನು ಶೇಕಡ 3 ಎಂದು ಗೊತ್ತುಮಾಡಿದ್ದಾರೆ. ಐಡ್ಲಿಂಗ್ ಹದವಾಗಿದ್ದರೆ ಪರೀಕ್ಷೆಯೂ ಹಗುರವಾಗುವುದು, ಪೆಟ್ರೋಲೂ ಉಳಿಯುವುದು, ನೆರೆಯವರ ಶ್ವಾಸಕ್ಕೂ ಹಿತವಾಗುವುದು.

ಗೃಹಸ್ಥರು ಒಂದು ಚಿಕ್ಕ ಪುಸ್ತಕವನ್ನು ಕಾರಿನಲ್ಲಿಯೇ ಇಟ್ಟುಕೊಳ್ಳಲಿ. ಯಾವ ದಿನ ಯಾವ ಲಕ್ಷಣ ಕಂಡಿತು, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಏನನ್ನು ಬದಲಾಯಿಸಿದ ಮೇಲೆ ಏನಾಯಿತು ಎಂಬುದನ್ನು ಎರಡು ಸಾಲಿನಲ್ಲಿ ಬರೆಯಲಿ. ಮೆಕ್ಯಾನಿಕ್ಕನ ಬಳಿಗೆ ಹೋದಾಗ “ಇದನ್ನು ಬದಲಾಯಿಸು” ಎನ್ನದೆ “ಹೀಗೆ ಆಗುತ್ತಿದೆ, ಕಾರಣವೇನು?” ಎಂದು ಕೇಳಲಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡುವಂತೆ ಹೇಳಲಿ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ರೋಗ ವಾಸಿಯಾದರೂ ಯಾವುದರಿಂದ ವಾಸಿಯಾಯಿತೆಂಬುದು ತಿಳಿಯದು; ಮರಳಿ ಬಂದಾಗ ಮತ್ತೆ ನಾಲ್ಕಕ್ಕೂ ಹಣ ತೆರಬೇಕಾಗುವುದು. ಒಳ್ಳೆಯ ಮೆಕ್ಯಾನಿಕ್ಕನು ಇಂತಹ ಪ್ರಶ್ನೆಗೆ ಬೇಸರಪಡನು. ತನ್ನ ವಿದ್ಯೆಗೆ ಬೆಲೆಯರಿತವರು ಬಂದರೆಂದು ಸಂತೋಷಪಡುವನು.